ಮೆಲ್ಬರ್ನಿನಲ್ಲಿ ಯಾರದೋ ಮಡಿಲಿಗೆ ಕೊಟ್ಟ ಬ್ಯಾಗು

ಹೊರಡುವ ಮೊದಲು

ನಮ್ಮ ಕಡೆ ಬಸ್ಸಿನಲ್ಲಿ ನಿಂತವರು ಬ್ಯಾಗು ಹಿಡಿದುಕೊಳ್ಳುವುದಿಲ್ಲ, ಕೂತವರ ಮಡಿಲಿಗೆ ಇಡುತ್ತಾರೆ. ಕೇಳುವ ಕ್ರಮ ಇಲ್ಲ, ಥ್ಯಾಂಕ್ಸ್ ಹೇಳುವ ಕ್ರಮವೂ ಇಲ್ಲ. ಕೂತವರಿಗೆ ಸೀಟು ಸಿಕ್ಕಿದೆ, ಆ ಪುಣ್ಯಕ್ಕೆ ಇಷ್ಟಾದರೂ ಮಾಡಬೇಡವೇ? ಕಾಲೇಜು ಮಕ್ಕಳ ಪುಸ್ತಕ, ಯಾರದೋ ಬಸಳೆಯ ಕಟ್ಟು, ಕೆಲವೊಮ್ಮೆ ಯಾರದೋ ಮಗು, ಎಲ್ಲವೂ ಮಡಿಲಿಗೆ ಬರುತ್ತವೆ. ಇಳಿದವರು ಕೆಳಗೆ ನಿಂತು ಕೈ ಚಾಚಿದರೆ ಕಿಟಕಿಯಿಂದ ಹೊರಗೆ ಹೋಗುತ್ತವೆ. ರಾಮಕುಂಜದಿಂದ ಪುತ್ತೂರಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ಕಾಲದಿಂದ ನಾನು ಇದನ್ನೇ ನೋಡಿದವಳು. ಈ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಹೋಗಬೇಕೆಂದು ಪಾಸ್‌ಪೋರ್ಟ್ ಕೊಡುವಾಗ ಯಾರೂ ಹೇಳಲಿಲ್ಲ.

ಲಿಸ್ಸಿಯ ಪರಿಚಯವಾದದ್ದೂ ಹೀಗೆಯೇ. ಅವಳು ನೆಲ್ಯಾಡಿಯ ರಬ್ಬರು ತೋಟದವರ ಮಗಳು. ಉಪ್ಪಿನಂಗಡಿಗೆ ಬಂದು ನಮ್ಮ ಬಸ್ಸು ಹತ್ತುವಾಗ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ನಾನು ರಾಮಕುಂಜದಲ್ಲೇ ಹತ್ತುವವಳಾದ್ದರಿಂದ ನನಗೆ ದಿನಾ ಕಿಟಕಿ ಸೀಟು. ಅವಳ ಬ್ಯಾಗು ಎರಡು ವರ್ಷ ನನ್ನ ಮಡಿಲಲ್ಲಿ ಪುತ್ತೂರಿಗೆ ಹೋಯಿತು. ಬುತ್ತಿಯಲ್ಲಿ ಮರಗೆಣಸೋ ಮೀನೋ ಎಂದು ಬ್ಯಾಗಿನ ಹೊರಗಿಂದಲೇ ನನಗೆ ಗೊತ್ತಾಗುತ್ತಿತ್ತು. ಈಗ ಅವಳು ಮೆಲ್ಬರ್ನಿನಲ್ಲಿ ನರ್ಸ್. ಮಗಳ ಮದುವೆಗೆ ಬ್ಲೌಸುಗಳನ್ನು ನಾನೇ ಅಲ್ಲಿಗೆ ಹೋಗಿ ಹೊಲಿಯಬೇಕೆಂದು ಹಠ ಹಿಡಿದು ಕರೆಸಿಕೊಂಡಳು, ಅಲ್ಲಿಯ ಕ್ರಿಕೆಟ್ ಆಟಕ್ಕೂ ನನಗೆ ಟಿಕೆಟ್ ತೆಗೆದಿಟ್ಟಿದ್ದಳು. ಅವಳಿಗೆ ಬೇಕಾದದ್ದು ನಾನಲ್ಲ, ನನ್ನ ಕತ್ತರಿ ಎಂದು ಈಗಲೂ ತಮಾಷೆ ಮಾಡುತ್ತೇನೆ.

ಆ ಬಸ್ಸಿನ ಕಂಡಕ್ಟರ್ ನನ್ನ ಅಣ್ಣ. ಕಡಬದಿಂದ ಹೊರಡುವ ಮೊದಲ ಬಸ್ಸು ಅವನದು. ಹೆಸರು ಬಾಲಕೃಷ್ಣ, ಊರಿಗೆಲ್ಲ ಬಾಲಣ್ಣ. ಚಳಿಗಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಇದ್ದರೆ ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಗೆ ರೇಡಿಯೋ ನೇತು ಹಾಕುತ್ತಿದ್ದ. ನಮಗೆ ಇನ್ನೂ ಸರಿಯಾಗಿ ಬೆಳಗಾಗಿರುವುದಿಲ್ಲ, ಅಲ್ಲಿ ಆಗಲೇ ಆಟ. ಕೊಯಿಲದ ಇಳಿಜಾರಿನಲ್ಲಿ ಸ್ವರ ಹೋಗುತ್ತಿತ್ತು. ಪುನಃ ಬರುವವರೆಗೆ ಇಡೀ ಬಸ್ಸು ಕೆಮ್ಮುವುದನ್ನೂ ಬಿಟ್ಟು ಕಾಯುತ್ತಿತ್ತು. ಸ್ವರ ಬಂದಾಗ ಮಾತಿನ ಹಿಂದಿನಿಂದ ಮೈದಾನದ ಜನರ ಬೊಬ್ಬೆ ಕಡಲಿನ ಹಾಗೆ ಕೇಳುತ್ತಿತ್ತು. ಯಾರು ಔಟಾದರು ಎಂದು ಬೇರೆಯವರು ಕೇಳಿದರೆ ಅಣ್ಣ ಮಾತ್ರ ಬೇರೆಯದನ್ನೇ ಕೇಳುತ್ತಿದ್ದ. ಇಷ್ಟು ಜನ ಅಲ್ಲಿಗೆ ಯಾವ ಬಸ್ಸಿನಲ್ಲಿ ಬಂದರು? ಆಟ ಮುಗಿದ ಮೇಲೆ ಇವರನ್ನೆಲ್ಲ ಯಾರು ತುಂಬಿಸಿಕೊಂಡು ಹೋಗುತ್ತಾರೆ?

ಸಕ್ಕರೆ ಕಾಯಿಲೆಯಿಂದ ಅಣ್ಣನ ಎರಡೂ ಕಣ್ಣು ಹೋದವು. ಮನೆ ಮಾರ್ಗದ ಬದಿಯಲ್ಲೇ ಇದೆ, ಯಾವ ಬಸ್ಸು ಹೋಯಿತೆಂದು ಶಬ್ದದಿಂದಲೇ ಹೇಳುತ್ತಾನೆ. ಆದರೆ ಹತ್ತುವುದಿಲ್ಲ. ಊರಿನವರನ್ನೆಲ್ಲ ಹತ್ತಿಸಿದವನು ಇನ್ನೊಬ್ಬರ ಕೈ ಹಿಡಿದು ಹತ್ತುವುದುಂಟಾ ಎಂದು ಅವನ ವಾದ. ಅತ್ತಿಗೆಯೂ ನಾನೂ ಹೇಳಿ ಸೋತಿದ್ದೇವೆ. ನಾನು ಹೊರಡುವ ದಿನ ಜಗಲಿಯಲ್ಲಿ ಕೂತು ಅವನು ಕೇಳಿದ್ದು ಒಂದೇ.

“ವಾರಿಜಾ, ಫೋಟೋ ಗೀಟೋ ನನಗೆ ಎಂತಕ್ಕೆ? ಮೊದಲ ಬಾಲ್ ಹಾಕುವಾಗ ಒಮ್ಮೆ ಫೋನ್ ಮಾಡು. ಆ ಜನರ ಶಬ್ದ ಕೇಳ್ಬೇಕು ನನಗೆ. ಮತ್ತೆ ಅವರು ಹೇಗೆ ಬರ್ತಾರೆ, ಹೇಗೆ ಹೋಗ್ತಾರೆ, ಅದನ್ನು ನೋಡಿ ಬಾ.”

ಮಾಡುತ್ತೇನೆ ಎಂದೆ. ಅವನು ನನ್ನಲ್ಲಿ ಏನನ್ನೂ ಕೇಳುವವನಲ್ಲ. ಹಾಗಾಗಿ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಲಿಸ್ಸಿಯ ಸ್ಟೇಷನ್

ನಮ್ಮವರ ಟೆಸ್ಟ್ ಸುರುವಾಗುವ ದಿನ ಲಿಸ್ಸಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ನಾನೊಬ್ಬಳೇ ಹೋಗುತ್ತೇನೆಂದೆ. ಅವಳು ಮೂರು ಸಲ ಹೇಳಿ ಕೊಟ್ಟಳು: ಆಟದ ಟಿಕೆಟ್ ಫೋನಿನಲ್ಲಿದೆ, ರೈಲಿನ ಕಾರ್ಡು ಕುತ್ತಿಗೆಯಲ್ಲಿದೆ, ಇಳಿಯಬೇಕಾದದ್ದು ರಿಚ್ಮಂಡಿನಲ್ಲಿ. ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ ಕಾರ್ಡನ್ನು ದಾರದಲ್ಲಿ ಪೋಣಿಸಿ ಕುತ್ತಿಗೆಗೆ ಹಾಕಿದಳು. ಬ್ಯಾಗಿನಲ್ಲಿ ಚಿತ್ರಾನ್ನ, ನೀರು, ಫೋನು, ಒಂದು ಶಾಲು. ಕೊಡೆ ಬೇಡ, ಬಿಸಿಲಿದೆ ಎಂದಳು. ಕೊಡೆ ಇಲ್ಲದೆ ಹೊರಡುವುದು ನಮ್ಮ ಊರಿನವರಿಗೆ ಚಪ್ಪಲಿ ಇಲ್ಲದೆ ಹೊರಟ ಹಾಗೆ. ಆದರೂ ಕೇಳಿದೆ.

ಸ್ಟೇಷನ್ನಿನಲ್ಲಿ ನನಗೆ ಮೊದಲು ಕಂಡದ್ದು ಟೊಪ್ಪಿಗಳು. ಎಲ್ಲರ ತಲೆಯಲ್ಲೂ ಅಗಲದ ಟೊಪ್ಪಿ, ಕೈಯಲ್ಲಿ ಐಸಿನ ಪೆಟ್ಟಿಗೆ, ಬಗಲಲ್ಲಿ ಕೂರುವ ದಿಂಬು. ಇವರು ಆಟಕ್ಕೆ ಹೊರಟವರಲ್ಲ, ಒಂದು ವಾರ ಇರಲು ಹೊರಟವರು ಎಂದುಕೊಂಡೆ. ಇಷ್ಟೆಲ್ಲ ಹೊತ್ತುಕೊಂಡರೂ ಯಾರೂ ಯಾರನ್ನೂ ತಳ್ಳುವುದಿಲ್ಲ. ಬಾಗಿಲಿನ ಎರಡೂ ಬದಿಗೆ ನಿಂತು ಇಳಿಯುವವರಿಗೆ ದಾರಿ ಬಿಡುತ್ತಾರೆ. ಅಣ್ಣ ನೋಡಿದ್ದರೆ ಇವರಿಗೆ ಬಸ್ಸು ಹತ್ತಲು ಬರುವುದಿಲ್ಲ ಎನ್ನುತ್ತಿದ್ದ.

ಆ ಊರಿನಲ್ಲಿ ಬಸ್ಸು ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ, ಅದನ್ನೂ ಬರೆದುಬಿಡುತ್ತೇನೆ. ಲಿಸ್ಸಿಯೂ ಹೇಳುತ್ತಾಳೆ. ನಮ್ಮ ಅಣ್ಣನಿಗೆ ಅಷ್ಟು ವರ್ಷಗಳಲ್ಲಿ ಯಾರಾದರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಆದರೆ ಹಲಸಿನ ಕಾಲದಲ್ಲಿ ಅವನು ಕೈ ಬೀಸಿಕೊಂಡು ಮನೆಗೆ ಬಂದದ್ದೂ ಇಲ್ಲ.

ರೈಲಿನ ಒಳಗೆ

ಎರಡು ಸ್ಟೇಷನ್ ಕಳೆಯುವುದರೊಳಗೆ ರೈಲು ತುಂಬಿತು. ಮೊದಲು ಕೂತಿದ್ದ ನಾನು, ಹೆಂಗಸೊಬ್ಬಳು ಕೈಗೂಸು ಎತ್ತಿಕೊಂಡು ಹತ್ತಿದ್ದು ಕಂಡು ಎದ್ದು ಸೀಟು ಕೊಟ್ಟು ಬಾಗಿಲ ಹತ್ತಿರ ನಿಂತೆ. ಅಷ್ಟು ಜನ ಇದ್ದರೂ ಒಳಗೆ ಒಂದು ಮಾತಿಲ್ಲ. ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳುವುದಿಲ್ಲ, ಎಲ್ಲರಿಗೂ ಹೋಗಲಿಕ್ಕಿರುವುದು ಒಂದೇ ಕಡೆಗೆ. ಅದೇ ಸಾಕಿತ್ತು ನಮ್ಮವರಿಗೆ, ಇಷ್ಟು ಹೊತ್ತಿಗೆ ಸಂಬಂಧ ಹುಡುಕಿ ಆಗುತ್ತಿತ್ತು.

ನನ್ನ ಎದುರಿನ ಸೀಟಿನಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕೂತಿದ್ದರು. ಬೈಹುಲ್ಲಿನ ಟೊಪ್ಪಿ, ಕೈಯಲ್ಲಿ ಉಣ್ಣೆಯ ಹೆಣಿಗೆ. ಹೆಣಿಗೆಯ ಕೈ ಚೆನ್ನಾಗಿತ್ತು. ಒಂದು ಗಂಟೂ ಬಿಗಿಯಾಗಿಲ್ಲ, ಒಂದೂ ಸಡಿಲವಾಗಿಲ್ಲ. ಕೈಕೆಲಸದವರನ್ನು ಕಂಡರೆ ನನಗೆ ನಂಬಿಕೆ ಹುಟ್ಟುತ್ತದೆ. ರೈಲು ಒಂದು ತಿರುವಿನಲ್ಲಿ ವಾಲಿತು. ನಾನು ಒಂದು ಕೈಯಿಂದ ಕಂಬ ಹಿಡಿದೆ, ಇನ್ನೊಂದು ಕೈಯಿಂದ ನನ್ನ ಬ್ಯಾಗನ್ನು ಅವರ ಮಡಿಲಿಗೆ ಇಟ್ಟೆ.

ಯೋಚನೆ ಮಾಡಿ ಇಟ್ಟದ್ದಲ್ಲ. ಕೈ ತಾನಾಗಿ ಹೋಯಿತು. ಅವರು ಸೂಜಿ ನಿಲ್ಲಿಸಿ ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು. ಪಕ್ಕದ ಗಂಡಸು ಕೂಡ ನೋಡಿದ. ಆಗ ನನಗೆ ನಾನು ಎಲ್ಲಿದ್ದೇನೆ ಎಂದು ನೆನಪಾಯಿತು. ಮುಖವೆಲ್ಲ ಬಿಸಿಯಾಯಿತು. ತೆಗೆಯಲು ಕೈ ಹಾಕಿದೆ. ಅವರು ಇರಲಿ ಎನ್ನುವ ಹಾಗೆ ಬ್ಯಾಗನ್ನು ಹತ್ತಿರ ಎಳೆದುಕೊಂಡು, ಅದರ ಮೇಲೆಯೇ ಹೆಣಿಗೆ ಇಟ್ಟು ಮುಂದುವರಿಸಿದರು.

ಒಂದು ಸ್ಟೇಷನ್ ಮೊದಲು

ರಿಚ್ಮಂಡಿಗಿಂತ ಮೊದಲಿನ ಸ್ಟೇಷನ್ನಿನಲ್ಲಿ ಯಾರೋ ಹಿಂದಿನಿಂದ ಎಕ್ಸ್‌ಕ್ಯೂಸ್ ಮಿ ಎಂದರು. ಇಳಿಯುವವರು. ಬಾಗಿಲಲ್ಲಿ ನಿಂತವರು ಕೆಳಗಿಳಿದು ದಾರಿ ಬಿಟ್ಟು ಪುನಃ ಹತ್ತುವುದು ನಮ್ಮಲ್ಲಿಯ ಕ್ರಮ. ನಾನು ಇಳಿದೆ. ನಾಲ್ಕೈದು ಜನ ಇಳಿದರು. ಒಬ್ಬರ ಐಸಿನ ಪೆಟ್ಟಿಗೆ ಸಿಕ್ಕಿಕೊಂಡಿತು, ಅದನ್ನು ಎಳೆಯಲು ನಾನೂ ಒಂದು ಕೈ ಕೊಟ್ಟೆ. ಅಷ್ಟರಲ್ಲಿ ಪೀಂ ಪೀಂ ಎಂದು ಸದ್ದಾಗಿ ಬಾಗಿಲು ಮುಚ್ಚಿತು.

ನನಗೆ ಗಾಬರಿಯಾಗಲಿಲ್ಲ, ಅದೇ ಆಶ್ಚರ್ಯ. ಯಾರಾದರೂ ಹೋಲ್ಡಾನ್ ಎಂದು ಕೂಗಿ ನಿಲ್ಲಿಸುತ್ತಾರೆ ಎಂದು ನಿಂತೆ. ಒಬ್ಬರು ಕೆಳಗಿರುವಾಗ ರೈಟ್ ಎಂದು ಬಸ್ಸು ಹೊರಡಿಸುವ ಕಂಡಕ್ಟರನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಈ ರೈಲಿಗೆ ಕಂಡಕ್ಟರೇ ಇಲ್ಲ ಎಂದು ಹೊಳೆಯುವಾಗ ರೈಲು ಹೊರಟಿತ್ತು. ಗಾಜಿನ ಒಳಗೆ ಹುಲ್ಲಿನ ಟೊಪ್ಪಿ ಎದ್ದು ನಿಂತು ನನ್ನ ಕಡೆ ಕೈ ಬೀಸುತ್ತಿತ್ತು. ನಾನು ಕಿಟಕಿಗೆ ಕೈ ಚಾಚಿದೆ, ಊರಿನಲ್ಲಿ ಬ್ಯಾಗಿಗೆ ಚಾಚುವ ಹಾಗೆಯೇ. ತೆರೆಯುವ ಕಿಟಕಿಯೂ ಅದರಲ್ಲಿ ಇರಲಿಲ್ಲ.

ಬ್ಯಾಗಿನಲ್ಲಿ ಫೋನು. ಫೋನಿನಲ್ಲಿ ಆಟದ ಟಿಕೆಟ್. ಲಿಸ್ಸಿಯ ನಂಬರ್ ನನಗೆ ಬಾಯಿಗೆ ಬರುವುದಿಲ್ಲ. ರಾಮಕುಂಜದಲ್ಲಿ ಅಣ್ಣ ಆಗಲೇ ಎದ್ದು, ಮುಖ ತೊಳೆದು, ಅತ್ತಿಗೆಯ ಹತ್ತಿರ ಫೋನು ಚಾರ್ಜಿಗೆ ಹಾಕಿಸಿ ಕೂತಿರುತ್ತಾನೆ. ಅದನ್ನು ಯೋಚಿಸುವಾಗ ಗಾಬರಿಯಾಯಿತು.

ಮೈದಾನದ ಹೊರಗೆ

ಅದರ ಹಿಂದಿನಿಂದ ಇನ್ನೊಂದು ರೈಲು ಬೇಗ ಬಂತು. ಆದರೆ ರಿಚ್ಮಂಡಿನಲ್ಲಿ ಅದು ಹೋಗಿ ನಿಂತದ್ದು ಬೇರೆ ಪ್ಲಾಟ್‌ಫಾರ್ಮಿನಲ್ಲಿ. ಇಳಿದದ್ದೇ ಜನ ನನ್ನನ್ನು ಎತ್ತಿಕೊಂಡ ಹಾಗೆ ಕೆಳಗಿನ ದಾರಿಗೆ ಒಯ್ದರು. ಆ ಹೆಂಗಸು ಆಟಕ್ಕೇ ಬಂದವರು, ಎಲ್ಲರೂ ಹೋಗುವ ಕಡೆಗೇ ಹೋಗಿರುತ್ತಾರೆ ಎಂದು ನಾನೂ ಓಡಿದೆ.

ಅಣ್ಣನಿಗೆ ಬೇಕಾಗಿದ್ದುದನ್ನು ಆಗ ನೋಡಿದೆ. ಸ್ಟೇಷನ್ನಿನಿಂದ ಮೈದಾನಕ್ಕೆ ನಡೆಯುವ ದಾರಿ, ಎಲ್ಲ ಕಡೆಯಿಂದ ಬಂದು ಸೇರುವ ಜನ. ರೈಲಿನಿಂದ ಬಂದವರು, ಟ್ರಾಮಿನಿಂದ ಬಂದವರು, ಪೇಟೆಯಿಂದ ಹೊಳೆಯ ಬದಿಯಲ್ಲಿ ನಡೆದೇ ಬಂದವರು. ಒಬ್ಬರ ಹಿಂದೆ ಒಬ್ಬರು ಸುಮ್ಮನೆ ನಡೆಯುತ್ತಾರೆ, ಮೈದಾನ ಅವರನ್ನೆಲ್ಲ ಸದ್ದಿಲ್ಲದೆ ಒಳಗೆ ತೆಗೆದುಕೊಳ್ಳುತ್ತದೆ. ಉಪ್ಪಿನಂಗಡಿಯಲ್ಲಿ ಒಂದು ಬಸ್ಸಿಗೆ ಐವತ್ತು ಜನ ಹತ್ತಿಸಲು ಅಣ್ಣ ಗಂಟಲು ಹರಿದುಕೊಳ್ಳುತ್ತಿದ್ದ. ಇದನ್ನು ಅವನು ಕಣ್ಣಿದ್ದಾಗ ನೋಡಬೇಕಿತ್ತು. ಅವನ ಬದಲಿಗೆ ನಾನು ನೋಡುತ್ತಿದ್ದೇನೆ, ಅದೂ ಹುಲ್ಲಿನ ಟೊಪ್ಪಿ ಹುಡುಕುವ ಗಡಿಬಿಡಿಯಲ್ಲಿ. ಆ ದಿನ ಮೆಲ್ಬರ್ನಿನ ಮುದುಕಿಯರೆಲ್ಲ ಹುಲ್ಲಿನ ಟೊಪ್ಪಿಯನ್ನೇ ಹಾಕಿದ್ದರು.

ಒಂದೊಂದೇ ಗೇಟಿನ ಹತ್ತಿರ ನಿಂತು ನೋಡಿದೆ. ಗೇಟಿನವರಿಗೆ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಬ್ಯಾಗು ಕದ್ದರೇ ಎಂದು ಕೇಳಿದರು. ಇಲ್ಲ, ನಾನೇ ಕೊಟ್ಟೆ ಎಂದೆ. ಗುರುತಿನವರೇ ಎಂದರು. ಅಲ್ಲ ಎಂದೆ. ಗುರುತಿಲ್ಲದವರಿಗೆ ಯಾಕೆ ಕೊಟ್ಟಿರಿ ಎಂಬುದಕ್ಕೆ ನಾನು ಏನು ಹೇಳಲಿ? ಅವರು ಕೂತಿದ್ದರು, ನಾನು ನಿಂತಿದ್ದೆ. ಪುತ್ತೂರಿನಲ್ಲಾದರೆ ಅಷ್ಟು ಹೇಳಿದರೆ ಸಾಕು.

ಆಗಲೇ ಒಳಗಿನಿಂದ ಆ ಶಬ್ದ ಬಂತು. ಮೊದಲು ಗುಂಯ್ ಎಂದು, ಮತ್ತೆ ಏರಿ ಏರಿ, ಒಮ್ಮೆಲೇ ಒಡೆದ ಹಾಗೆ. ಮೊದಲ ಬಾಲ್. ಅದೇ ಶಬ್ದ, ಕೊಯಿಲದ ಇಳಿಜಾರು ದಾಟಿದ ಮೇಲೆ ರೇಡಿಯೋದಲ್ಲಿ ಬರುತ್ತಿದ್ದದ್ದು. ಆಗ ಸಣ್ಣದಾಗಿ ಬರುತ್ತಿತ್ತು, ಈಗ ಗೋಡೆ ನಡುಗುವ ಹಾಗೆ. ನಾನು ಗೋಡೆಯ ಹೊರಗೆ ಒಂದು ಮರದ ಕೆಳಗೆ ಬರಿಗೈಯಲ್ಲಿ ನಿಂತಿದ್ದೆ. ಶಬ್ದ ಎದುರಿಗೇ ಇದೆ, ಕಳಿಸಲು ನನ್ನ ಹತ್ತಿರ ಏನೂ ಇಲ್ಲ. ಅಲ್ಲೇ ಬೆಂಚಿನಲ್ಲಿ ಕೂತು ಅತ್ತೆ. ದಾರಿಹೋಕರು ಒಬ್ಬರು ಬಂದು ಆರ್ ಯು ಓಕೆ ಎಂದು ಕೇಳಿ, ನಾನು ಓಕೆ ಎಂದದ್ದನ್ನು ನಂಬಿ ಹೋದರು.

ರಿಚ್ಮಂಡ್ ಸ್ಟೇಷನ್, ಪುನಃ

ಹಸಿವಾದಾಗ ಬುದ್ಧಿ ಬಂತು. ಆಟ ನೋಡುವ ಆಸೆ ಬಿಟ್ಟು, ಲಿಸ್ಸಿಯ ಮನೆಗಾದರೂ ಹೋಗುವಾ ಎಂದು ಸ್ಟೇಷನ್ನಿಗೆ ನಡೆದೆ. ಬೆಳಿಗ್ಗೆ ಉಸಿರಾಡಲು ಜಾಗ ಇಲ್ಲದ ಸ್ಟೇಷನ್ನು ಖಾಲಿ. ನಾನು ಹೋಗಬೇಕಾದ ಪ್ಲಾಟ್‌ಫಾರ್ಮಿಗೆ ಮೇಲೆ ಹತ್ತಿ ನೋಡಿದರೆ ಎದುರಿನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಹುಲ್ಲಿನ ಟೊಪ್ಪಿ. ಮಡಿಲಲ್ಲಿ ನನ್ನ ಬ್ಯಾಗು, ಬ್ಯಾಗಿನ ಮೇಲೆ ಹೆಣಿಗೆ. ಬೆಳಿಗ್ಗೆ ಅಂಗೈ ಅಗಲ ಇದ್ದದ್ದು ಈಗ ಮೊಣಕಾಲು ಮುಚ್ಚುವಷ್ಟಾಗಿತ್ತು.

ಮೆಟ್ಟಿಲು ಇಳಿದು ಹತ್ತಿ ಓಡಿದೆ. ಅವರ ಹೆಸರು ಜೋನ್. ಪ್ರತಿ ವರ್ಷ ಈ ಆಟದ ಮೊದಲ ದಿನಕ್ಕೆ ಒಬ್ಬರೇ ಬರುತ್ತಾರಂತೆ. ಆ ದಿನ ಮಧ್ಯಾಹ್ನದವರೆಗಿನ ಆಟ ಪೂರ್ತಿ ನನ್ನ ಬ್ಯಾಗಿಗೆ ಹೋಗಿತ್ತು. ಆಫೀಸಿನಲ್ಲಿ ಕೊಟ್ಟು ಹೋಗಬಾರದಿತ್ತೇ ಎಂದು ಕೇಳಿದೆ. ಕೊಟ್ಟರೆ ಅದು ಯಾವುದೋ ಕಪಾಟಿಗೆ ಹೋಗುತ್ತದೆ, ನೀವು ಕೊಟ್ಟದ್ದು ನನಗೆ ಎಂದರು. ಒಂದು ಮಾತೂ ಕೇಳದೆ ಇಟ್ಟವರು ಖಂಡಿತ ಬರುತ್ತಾರೆ ಎಂದು ಅವರಿಗೆ ಅನ್ನಿಸಿತಂತೆ. ತಾವು ಇಳಿದ ಪ್ಲಾಟ್‌ಫಾರ್ಮಿನಿಂದ ಅವರು ಕದಲಿರಲಿಲ್ಲ.

ಬ್ಯಾಗಿನ ಒಳಗೆ ಏನೋ ತುಂಬ ಸಲ ಹಾಡುತ್ತಿತ್ತು ಎಂದೂ ಹೇಳಿದರು. ಅಣ್ಣನ ಕರೆಗಳು. ಬೇರೆಯವರ ಬ್ಯಾಗಿಗೆ ಕೈ ಹಾಕುವುದು ಹೇಗೆ ಎಂದು ಸುಮ್ಮನಿದ್ದರಂತೆ. ನಮ್ಮ ಬಸ್ಸಿನಲ್ಲಾದರೆ ಎತ್ತಿ, ಇವರು ಹಿಂದೆ ಉಳಿದಿದ್ದಾರೆ, ನೀವು ಯಾರು, ಊರು ಯಾವುದು ಎಂದು ಎಲ್ಲ ಕೇಳಿ ಆಗುತ್ತಿತ್ತು. ನನಗೆ ಒಂದು ಗಳಿಗೆ ಸಿಟ್ಟೇ ಬಂತು. ಮತ್ತೆ ಅವರ ಮುಖ ನೋಡಿ ಹೋಯಿತು.

ಚಿತ್ರಾನ್ನ ಹಂಚಿಕೊಂಡು ತಿಂದೆವು. ಅಣ್ಣನಿಗೆ ಕೂಡಲೇ ಫೋನ್ ಮಾಡಲಿಲ್ಲ. ಖಾಲಿ ಸ್ಟೇಷನ್ನಿನಿಂದ ಮಾಡಿ ಏನು ಕೇಳಿಸುವುದು? ಒಳಗೆ ಹೋಗಿಯೇ ಮಾಡುವಾ ಎಂದುಕೊಂಡೆ.

ಮೈದಾನದ ಒಳಗೆ

ಒಳಗೆ ಹೋಗಿ ಮೆಟ್ಟಿಲು ಹತ್ತಿದಾಗ ಆ ಹಸುರು ಕಂಡಿತು. ಅಷ್ಟು ದೊಡ್ಡದನ್ನು ನಾನು ಕಡಲು ಬಿಟ್ಟರೆ ನೋಡಿಲ್ಲ. ಫೋನು ತೆಗೆದೆ. ಆಗಲೇ ಮೂಗಿನ ಮೇಲೆ ಒಂದು ಹನಿ ಬಿತ್ತು.

ಆ ಊರಿನ ಮಳೆಗೆ ಮುನ್ಸೂಚನೆ ಇಲ್ಲ, ಗುಡುಗುವ ಮರ್ಯಾದೆಯೂ ಇಲ್ಲ. ಎರಡು ನಿಮಿಷದಲ್ಲಿ ಆಟಗಾರರು ಒಳಗೆ ಓಡಿದರು, ನಡುವಿನ ಜಾಗಕ್ಕೆ ಹೊದಿಕೆ ಎಳೆದರು, ಜನರೆಲ್ಲ ಎದ್ದು ಹಿಂದಿನ ಮಾಡಿನ ಕೆಳಗೆ ಹೋದರು. ಹುಲ್ಲಿನ ಮೇಲೆ ಕಡಲ ಹಕ್ಕಿಗಳು ಬಂದು ಕೂತವು. ಅಷ್ಟು ದೊಡ್ಡ ಜಾಗದಲ್ಲಿ ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಮಳೆಯ ಸದ್ದನ್ನು ರಾಮಕುಂಜಕ್ಕೆ ಕಳಿಸುವುದುಂಟೇ? ಜೋನ್ ಫ್ಲಾಸ್ಕಿನಿಂದ ಚಹಾ ಕೊಟ್ಟರು. ಬಹಳ ಹೊತ್ತು ಕಾದೆವು. ಕೊನೆಗೆ ಇವತ್ತು ಇಷ್ಟೇ ಎಂದು ಮೈಕಿನಲ್ಲಿ ಹೇಳಿದರು. ಫೋನನ್ನು ಬ್ಯಾಗಿಗೆ ಹಾಕಿದೆ. ಅಣ್ಣನಿಗೆ ಏನು ಹೇಳುವುದೆಂದು ಗೊತ್ತಾಗಲಿಲ್ಲ, ಅದಕ್ಕೇ ಮಾಡಲಿಲ್ಲ.

ಹಿಂದಿರುಗುವ ರೈಲು

ಬೆಳಿಗ್ಗೆ ಬೇರೆ ಬೇರೆ ಹೊತ್ತಿಗೆ ಬಂದವರೆಲ್ಲ ಈಗ ಒಟ್ಟಿಗೆ ಹೊರಟಿದ್ದರು. ಒದ್ದೆ ಟೊಪ್ಪಿ, ಒದ್ದೆ ದಿಂಬು. ಮಳೆಯಿಂದ ಆ ಜನರಿಗೆ ಬಾಯಿ ಬಂದಿತ್ತು. ಒಬ್ಬರು ಇನ್ನೊಬ್ಬರ ಕಾಲು ತುಳಿದು ನಗುತ್ತಿದ್ದರು, ಹಿಂದೆ ನಾಲ್ಕು ಹುಡುಗಿಯರು ಹಾಡುತ್ತಿದ್ದರು. ರೈಲಿನಲ್ಲಿ ಯಾರೋ ಜೋನ್‌ಗೆ ಸೀಟು ಬಿಟ್ಟುಕೊಟ್ಟರು. ನಾನು ಅವರ ಎದುರು ಕಂಬ ಹಿಡಿದು ನಿಂತೆ. ಈ ಸಲ ನಾನು ಕೊಡಲಿಲ್ಲ. ಅವರೇ ಕೈ ಚಾಚಿದರು. ಬ್ಯಾಗು ಮಡಿಲಿಗೆ ಹೋಯಿತು, ಫೋನನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡೆ.

ಬಾಗಿಲು ತೆರೆದೇ ಇತ್ತು, ಜನ ಇನ್ನೂ ಹತ್ತುತ್ತಿದ್ದರು. ಫೋನು ರಿಂಗಾಯಿತು, ಅಣ್ಣನದು. ಗಲಾಟೆಯಲ್ಲಿ ಕೇಳುವುದಿಲ್ಲವೆಂದು ಸ್ಪೀಕರಿಗೆ ಹಾಕಿದೆ. ಅಣ್ಣ ಹಲೋ ಅನ್ನುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಬ್ಯಾಗು, ಬಾಗಿಲು, ಮಳೆ, ಕೇಳಿಸಲಿಕ್ಕೆ ಆಗಲಿಲ್ಲ ಅಂತ. ಮುಗಿದ ಮೇಲೆ ಕೇಳಿದ.

“ಈಗ ಹಿಂದೆ ಎಂತ ಶಬ್ದ ಅದು?”

“ರೈಲು ಅಣ್ಣ. ಆಟ ಬಿಟ್ಟವರು.”

“ರಶ್ ಉಂಟಾ?”

“ಕಾಲಿಡ್ಲಿಕ್ಕೆ ಜಾಗ ಇಲ್ಲ.”

“ಬ್ಯಾಗು ಎಲ್ಲುಂಟು?”

“ಕೂತವರ ಮಡಿಲಲ್ಲಿ.”

“ಅದು ಸರಿ,” ಎಂದ. “ನೀನು ಮಾತಾಡ್ಬೇಡ ಮಾರಾಯ್ತಿ. ಫೋನು ಸ್ವಲ್ಪ ಎತ್ತಿ ಹಿಡಿ.”

ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಹುಡುಗಿಯರು ಹಾಡುತ್ತಿದ್ದರು. ಯಾರೋ ಸೀನಿದರು. ಐಸಿನ ಪೆಟ್ಟಿಗೆಗಳು ಒಂದಕ್ಕೊಂದು ತಾಗುತ್ತಿದ್ದವು. ಬಾಗಿಲ ಹತ್ತಿರ ನಿಂತವರು ಒಳಗೆ ಸರಿಯದೆ ಹೊರಗಿನವರು ಹತ್ತಲಾಗದೆ ನಿಂತಿದ್ದರು. ಅಷ್ಟು ದೂರದ ಒಂದು ಜಗಲಿಯಲ್ಲಿ ನನ್ನ ಅಣ್ಣ ಇದನ್ನೆಲ್ಲ ಕೇಳುತ್ತಿದ್ದ. ತುಂಬಿದ ಬಸ್ಸೊಂದರ ಒಳಗೆ ಅವನು ನಿಲ್ಲದೆ ಎಷ್ಟು ಕಾಲವಾಯಿತು ಎಂದು ನೆನೆದು ಫೋನನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದೆ. ಅವನಿಗೆ ಬೇಕಾಗಿದ್ದುದು ಮೈದಾನದ ಶಬ್ದ ಅಲ್ಲವೇ ಅಲ್ಲ, ಇದು ಎಂದು ಆಗ ಗೊತ್ತಾಯಿತು. ಬಹುಶಃ ಅವನಿಗೂ ಆಗಲೇ ಗೊತ್ತಾದದ್ದು.

ಆಗ ನನ್ನ ಕೈಯಿಂದ, ಇಡೀ ಬೋಗಿಗೆ ಕೇಳುವ ಹಾಗೆ, ಆ ಹಳೆಯ ಸ್ವರ ಬಂತು.

“ಒಳಗೆ ಹೋಗಿ, ಒಳಗೆ ಹೋಗಿ. ಬಾಗಿಲಲ್ಲಿ ನಿಲ್ಬೇಡಿ ಮಾರಾಯ್ರೆ, ಹಿಂದೆ ಜಾಗ ಉಂಟು.”

ಎಲ್ಲರೂ ತಿರುಗಿದರು. ಭಾಷೆ ಗೊತ್ತಿಲ್ಲದಿದ್ದರೂ ಆ ಸ್ವರ ಏನು ಹೇಳುತ್ತದೆಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಬಾಗಿಲ ಹತ್ತಿರ ನಿಂತ ಎತ್ತರದ ಗಂಡಸು ನಗುತ್ತಾ ಒಳಗೆ ಸರಿದ. ಅವನ ಹಿಂದಿನವರೂ ಸರಿದರು. ಹೊರಗೆ ಉಳಿದಿದ್ದವರು ಹತ್ತಿದರು. ಜೋನ್ ತಲೆ ಎತ್ತಿ ಫೋನನ್ನು ನೋಡಿದರು.

“ಎಲ್ಲರೂ ಹತ್ತಿದ್ರಾ?” ಎಂದು ಅಣ್ಣ ಕೇಳಿದ.

ನಾನು ಬಾಗಿಲಿಂದ ಹೊರಗೆ ನೋಡಿದೆ. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಉಳಿದಿರಲಿಲ್ಲ. ಹತ್ತಿದರು ಎಂದೆ.

“ರೈಟ್,” ಎಂದ ಅಣ್ಣ.

ಬಾಗಿಲು ಮುಚ್ಚಿತು, ರೈಲು ಹೊರಟಿತು.